ಪಾಠ, ಮೌಲ್ಯಮಾಪನದ ನಡುವೆ ಹೊಸ ಸಂಶೋಧನೆ ಓದೋದು ಹೇಗೆ?

ಪ್ರಶ್ನೆ – ಹೊಸ ಅಧ್ಯಾಪಕಿ, ಶಿಕ್ಷಣ ಮನೋವಿಜ್ಞಾನ

ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ವಾರಕ್ಕೆ 14 ಗಂಟೆ ಪಾಠ, ಅದರ ಮೇಲೆ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಸಮಿತಿ ಸಭೆ. ಪಿಎಚ್‌ಡಿ ಮಾಡುವಾಗ ನನ್ನ ವಿಷಯದಲ್ಲಿ ಯಾರು ಏನು ಬರೆದಿದ್ದಾರೆ ಅಂತ ಕೇಳಿದರೆ ಬಾಯಲ್ಲೇ ಹೇಳುತ್ತಿದ್ದೆ. ಈಗ ಹೊಸ ಲೇಖನ ಬಂದಿದೆ ಅಂತ ತಿಳಿಸುವ ಅಲರ್ಟ್‌ಗಳು ಮೇಲ್‌ನಲ್ಲಿ ತೆರೆಯದೆ ಬಿದ್ದು 600 ದಾಟಿವೆ. ‘ಆಮೇಲೆ ಓದಬೇಕು’ ಅನ್ನೋ ಫೋಲ್ಡರ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಪಿಡಿಎಫ್ ಬಿದ್ದಿವೆ. ಮೊನ್ನೆ ಜರ್ನಲ್‌ಗೆ ಕಳಿಸಿದ ಲೇಖನ ವಾಪಸ್ ಬಂತು. ‘ಕಳೆದ ಎರಡು ವರ್ಷದ ಕೆಲಸವನ್ನು ಲೇಖಕರು ಗಮನಿಸಿದಂತಿಲ್ಲ’ ಅಂತ ವಿಮರ್ಶಕರ ಟಿಪ್ಪಣಿ. ಓದಿ ನಾಚಿಕೆಯಾಯಿತು, ಯಾಕೆಂದರೆ ಅದು ನಿಜ. ಗ್ರಂಥಾಲಯದ ಕಡೆಯವರು ಯಾರಾದರೂ ದಾರಿ ಹೇಳಿ.

ಉತ್ತರ – ಗ್ರಂಥಪಾಲಕ, ಸಂಶೋಧನಾ ನೆರವು ವಿಭಾಗ

ಮೇಡಂ, ಮೊದಲು ಆ 600 ಅಲರ್ಟ್‌ಗಳನ್ನು ಒಂದೇ ಏಟಿಗೆ ಅಳಿಸಿ. ತಮಾಷೆಗೆ ಹೇಳುತ್ತಿಲ್ಲ. ಅದರಲ್ಲಿ ಗಟ್ಟಿ ಕಾಳು ಇದ್ದರೆ ಬೇರೆಯವರು ಅದನ್ನು ಉಲ್ಲೇಖಿಸಿಯೇ ಉಲ್ಲೇಖಿಸುತ್ತಾರೆ, ಆ ದಾರಿಯಲ್ಲಿ ಮತ್ತೆ ನಿಮ್ಮ ಕೈಗೆ ಸಿಗುತ್ತದೆ. ತೆರೆಯದ ಮೇಲ್‌ಗಳ ರಾಶಿಯಿಂದ ಈಗ ನಿಮಗೆ ಸಿಗುತ್ತಿರುವುದು ಅಪರಾಧಿ ಭಾವ ಒಂದೇ.

ಎಲ್ಲವನ್ನೂ ಓದಬೇಕು ಅನ್ನುವ ಆಸೆ ಬಿಡಿ. 1665ರಲ್ಲಿ ಪ್ಯಾರಿಸ್ ಮತ್ತು ಲಂಡನ್‌ನಲ್ಲಿ ಮೊದಲ ಎರಡು ಜರ್ನಲ್‌ಗಳು ಶುರುವಾದಾಗ ಬೇಕಾದರೆ ಎಲ್ಲವನ್ನೂ ಓದಬಹುದಿತ್ತೇನೋ. ವಿಜ್ಞಾನದ ಪ್ರಕಟಣೆಗಳು 10–15 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿವೆ ಎಂದು ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲಾ ಪ್ರೈಸ್ 1960ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಹಾಗಾಗಿ ಹೇಗೆ ಓದಲಿ ಅನ್ನೋದಕ್ಕಿಂತ ಮೊದಲು ಯಾವುದನ್ನು ಒಳಗೆ ಬಿಟ್ಟುಕೊಳ್ಳಲಿ ಅಂತ ತೀರ್ಮಾನಿಸಬೇಕು.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹಳೆಯ ಆಧಾರ ಇದೆ. ಬ್ರ್ಯಾಡ್‌ಫರ್ಡ್ ಎಂಬ ಗ್ರಂಥಪಾಲಕರು 1934ರಲ್ಲಿ ಅನ್ವಯಿಕ ಭೂಭೌತಶಾಸ್ತ್ರದ ಲೇಖನಗಳು ಎಲ್ಲೆಲ್ಲಿ ಪ್ರಕಟವಾಗಿವೆ ಎಂದು ಎಣಿಸಿದರು. ಒಟ್ಟು 326 ಜರ್ನಲ್, 1,332 ಲೇಖನ. ಅದರಲ್ಲಿ 429 ಲೇಖನಗಳು ಬಂದಿದ್ದು ಬರೀ 9 ಜರ್ನಲ್‌ಗಳಿಂದ. ನಂತರದ 499 ಲೇಖನಕ್ಕೆ 59 ಜರ್ನಲ್ ಬೇಕಾಯಿತು, ಉಳಿದ 404ಕ್ಕೆ 258! ಅಂದರೆ ಮೊದಲ ಒಂಬತ್ತನ್ನು ಬಿಡದೆ ನೋಡಿದರೆ ಸುಮಾರು ಮೂರನೇ ಒಂದು ಭಾಗ ಕೈಯಲ್ಲಿ; ಕೊನೆಯ ಭಾಗದ ಬೆನ್ನು ಹತ್ತಿದರೆ ಆಯುಷ್ಯ ಸಾಲದು.

ನಿಮ್ಮ ‘ಒಂಬತ್ತು’ ಯಾವುವು ಅಂತ ಯಾರನ್ನೂ ಕೇಳಬೇಡಿ. ನಿಮ್ಮ ಪ್ರಬಂಧದ ಕೊನೆಯ ಉಲ್ಲೇಖಪಟ್ಟಿ ತೆಗೆದು ಜರ್ನಲ್ ಹೆಸರುಗಳನ್ನು ಎಣಿಸಿ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶದಲ್ಲಿ ಇಟ್ಟಿದ್ದರೆ ಪ್ರಕಟಣೆಯ ಹೆಸರಿನ ಕಾಲಂ ಮೇಲೆ ಒತ್ತಿದರೆ ಒಂದೇ ಜರ್ನಲ್‌ನವು ಒಟ್ಟಿಗೆ ನಿಲ್ಲುತ್ತವೆ. ಮೇಲಿನ ಆರೋ ಏಳೋ ಜರ್ನಲ್‌ಗಳಿಗೆ ಮಾತ್ರ ಹೊಸ ಸಂಚಿಕೆಯ ಪರಿವಿಡಿ ಮೇಲ್‌ಗೆ ಬರುವಂತೆ ಮಾಡಿಕೊಳ್ಳಿ.

ಇನ್ನೊಂದು ಬಾಗಿಲಿದೆ. ನನ್ನನ್ನು ಕೇಳಿದರೆ ಅದೇ ಹೆಚ್ಚು ಮುಖ್ಯ. ನಿಮ್ಮ ಸಂಶೋಧನೆ ನಿಂತಿರುವ ನಾಲ್ಕೈದು ಪೇಪರ್ ಯಾವುವು? ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಅವುಗಳ ಕೆಳಗೆ ‘ಸೈಟೆಡ್ ಬೈ’ ಅಂತ ಇರುತ್ತದೆ. ಅದನ್ನು ಒತ್ತಿ, ಬಂದ ಪುಟದಲ್ಲಿ ಅಲರ್ಟ್ ಹಾಕಿ. ಇನ್ನು ಮುಂದೆ ಆ ಪೇಪರನ್ನು ಉಲ್ಲೇಖಿಸಿ ಯಾರೇ ಬರೆದರೂ, ಯಾವ ಮೂಲೆಯ ಜರ್ನಲ್‌ನಲ್ಲೇ ಬರೆದರೂ, ಸ್ಕಾಲರ್ ಕಣ್ಣಿಗೆ ಬಿದ್ದರೆ ನಿಮಗೆ ಸುದ್ದಿ ಬರುತ್ತದೆ. ಆ 258 ಜರ್ನಲ್‌ಗಳಲ್ಲಿ ಅಡಗಿದ್ದನ್ನು ಹಿಡಿಯೋದು ಹೀಗೆ. ನಿಮ್ಮ ವಿಮರ್ಶಕರು ಹೇಳಿದ ‘ಎರಡು ವರ್ಷದ ಕೆಲಸ’ವೂ ಅದೇ ಪುಟದಲ್ಲಿದೆ. ಎಡಗಡೆ ವರ್ಷ ಆರಿಸಿ, ಇವತ್ತೇ ನೋಡಬಹುದು.

ಪದ ಕೊಟ್ಟು ಹಾಕುವ ಅಲರ್ಟ್ ಮಾತ್ರ ಬೇಡ. ‘ಕಲಿಕೆ’, ‘ಪ್ರೇರಣೆ’ ಅಂತ ಹಾಕಿದರೆ ಊರ ನೀರೆಲ್ಲ ನಿಮ್ಮ ಮನೆಗೇ ನುಗ್ಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ಪ್ರಾಧ್ಯಾಪಕರಿಗೆ ಉತ್ಸಾಹದಿಂದ ಅಂಥ 40 ಅಲರ್ಟ್ ಹಾಕಿಕೊಟ್ಟಿದ್ದೆ. ಮೂರೇ ವಾರಕ್ಕೆ ಅವರು ಬಂದು ಎಲ್ಲ ತೆಗೆಸಿದರು. ಆಮೇಲೆ ಬಹಳ ದಿನ ನನ್ನ ಕಡೆ ತಲೆ ಹಾಕಲಿಲ್ಲ.

ಇದೆಲ್ಲ ಇನ್‌ಬಾಕ್ಸ್‌ಗೆ ಬರಬಾರದು. ಫಿಲ್ಟರ್ ಹಾಕಿ ಬೇರೆ ಫೋಲ್ಡರ್‌ಗೆ ಕಳಿಸಿ. ವಾರಕ್ಕೊಂದು ದಿನ 40 ನಿಮಿಷ ಅದನ್ನು ತೆರೆಯಿರಿ. ಆಗ ಮಾಡಬೇಕಾದ್ದು ಕೇರುವ ಕೆಲಸ, ಓದುವ ಕೆಲಸ ಅಲ್ಲ. ಶೀರ್ಷಿಕೆ ನೋಡಿ, ಬೇಕೆನಿಸಿದರೆ ಸಾರಾಂಶ ನೋಡಿ, ಅಲ್ಲೇ ಇಟ್ಟುಕೊಳ್ಳಿ ಇಲ್ಲವೇ ಬಿಡಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಇಟ್ಟುಕೊಂಡರೆ ಮತ್ತೆ ‘ಆಮೇಲೆ ಓದಬೇಕು’ ಫೋಲ್ಡರ್ ಬೆಳೆಯುತ್ತದೆ. ಓದಲು ಬೇರೆ ದಿನ ಎರಡು ಗಂಟೆ ಬೇಕು. ಅದನ್ನು ವೇಳಾಪಟ್ಟಿಯಲ್ಲಿ ತರಗತಿಯಂತೆಯೇ ಬರೆದಿಡಿ, ಇಲ್ಲದಿದ್ದರೆ ಯಾವುದಾದರೂ ಸಭೆ ಅದನ್ನು ನುಂಗುತ್ತದೆ.

ಪ್ರತಿಕ್ರಿಯೆ – ಭೌತಶಾಸ್ತ್ರ ಬೋಧಕ

ವಾರಕ್ಕೊಮ್ಮೆ ಅನ್ನೋದನ್ನ ನಾನು ಒಪ್ಪಲ್ಲ ಸರ್. ನಮ್ಮಲ್ಲಿ ಎಲ್ಲ ಜರ್ನಲ್‌ಗಿಂತ ಮೊದಲು ಆರ್‌ಕೈವ್ ಅನ್ನೋ ಜಾಲತಾಣಕ್ಕೆ ಬರುತ್ತೆ. ಒಂದು ವಾರ ಬಿಟ್ಟರೆ ನಾವು ಮಾಡುತ್ತಿದ್ದ ಕೆಲಸವನ್ನೇ ಇನ್ನೊಬ್ಬರು ಹಾಕಿರುತ್ತಾರೆ.

ಗ್ರಂಥಪಾಲಕ

ಒಪ್ಪಿದೆ. 1991ರಿಂದ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಅಚ್ಚಾಗುವ ಮುಂಚಿನ ಪ್ರತಿ) ಓದಿಯೇ ಬದುಕುವ ಜನ ನೀವು. ಆರ್‌ಕೈವ್ ಹೊಸ ಪಟ್ಟಿ ಬಿಡುವುದೇ ವಾರಕ್ಕೆ ಐದು ಸಲ, ಹಾಗಾಗಿ ನಿಮಗೆ ದಿನಕ್ಕೆ ಹತ್ತು ನಿಮಿಷದ ಲೆಕ್ಕ ಸರಿ. ಆದರೆ ನಿಮ್ಮ ಉಪವಿಭಾಗದ ಪಟ್ಟಿಯಷ್ಟೇ ನೋಡಿ, ಪಕ್ಕದ್ದಕ್ಕೆ ಹೋಗಬೇಡಿ. ಪ್ರಶ್ನೆ ಕೇಳಿದ ಮೇಡಂ ಅವರ ಕ್ಷೇತ್ರದಲ್ಲಿ ಲೇಖನ ಕಳಿಸಿ ಅಚ್ಚಾಗುವಷ್ಟರಲ್ಲಿ ವರ್ಷವೇ ಕಳೆದಿರುತ್ತದೆ, ಏಳು ದಿನಕ್ಕೆ ಏನೂ ಮುಳುಗುವುದಿಲ್ಲ.

ಪ್ರತಿಕ್ರಿಯೆ – ಇತಿಹಾಸ ಅಧ್ಯಾಪಕಿ

ನಮ್ಮದು ಪುಸ್ತಕಗಳ ಲೋಕ. ಸೈಟೇಶನ್ ಅಲರ್ಟ್ ನಂಬಿಕೊಂಡರೆ ಅರ್ಧ ತಪ್ಪಿಹೋಗುತ್ತೆ.

ಗ್ರಂಥಪಾಲಕ

ಹೌದು. ನೀವು ಜರ್ನಲ್ ಪರಿವಿಡಿಯಲ್ಲಿ ಪುಸ್ತಕ ವಿಮರ್ಶೆಯ ಭಾಗವನ್ನೇ ಮೊದಲು ನೋಡಬೇಕು. ವಿಮರ್ಶೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಪುಸ್ತಕ ಬಂದು ಎರಡು ವರ್ಷವಾದ ಮೇಲೆ. ಆ ಅಂತರ ತುಂಬಲು ನಿಮ್ಮ ವಿಷಯದ ಮೂರು ನಾಲ್ಕು ಪ್ರಕಾಶನಗಳ ‘ಮುಂದೆ ಬರಲಿರುವ ಪುಸ್ತಕ’ ಪಟ್ಟಿ, ದೊಡ್ಡ ಸಮ್ಮೇಳನಗಳ ಕಾರ್ಯಕ್ರಮ ಪಟ್ಟಿ ನೋಡಿ. ಇವತ್ತು ಗೋಷ್ಠಿಯಲ್ಲಿ ಮಂಡಿಸಿದ್ದೇ ನಾಳಿನ ಅಧ್ಯಾಯ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. ಎರಡು ಸಂದೇಹ. ಬೇಕಾದ ಪೇಪರ್ ಹಣ ಕೊಟ್ಟೇ ಓದಬೇಕು ಅಂದರೆ? ಮತ್ತೆ, ಎಐ ಕೈಲಿ ಸಾರಾಂಶ ಮಾಡಿಸಿಕೊಂಡರೆ ಸಮಯ ಉಳಿಯಲ್ವಾ?

ಗ್ರಂಥಪಾಲಕ

ಹಣ ಕೊಡುವ ಮುಂಚೆ ಸ್ಕಾಲರ್‌ನಲ್ಲಿ ‘ಆಲ್ ವರ್ಷನ್ಸ್’ ಒತ್ತಿ ನೋಡಿ. ಲೇಖಕರೇ ತಮ್ಮ ಸಂಸ್ಥೆಯ ಸಂಗ್ರಹದಲ್ಲಿ ಇಟ್ಟ ಪ್ರತಿ ಎಷ್ಟೋ ಸಲ ಸಿಗುತ್ತದೆ. ಅನ್‌ಪೇವಾಲ್ ಅನ್ನೋ ಉಚಿತ ಎಕ್ಸ್‌ಟೆನ್ಷನ್ ಬ್ರೌಸರ್‌ಗೆ ಹಾಕಿಕೊಂಡರೆ, ಕಾನೂನುಬದ್ಧ ಉಚಿತ ಪ್ರತಿ ಇದ್ದಲ್ಲಿ ಅದೇ ತೋರಿಸುತ್ತದೆ. ಇಲ್ಲದಿದ್ದರೆ ಲೇಖಕರಿಗೆ ಎರಡು ಸಾಲಿನ ಮೇಲ್ ಬರೆಯಿರಿ. ತಮ್ಮ ಪೇಪರನ್ನು ಒಬ್ಬರು ಕೇಳಿದರಲ್ಲ ಅನ್ನೋ ಸಂತೋಷಕ್ಕೇ ಕಳಿಸುತ್ತಾರೆ. ಅದೂ ಆಗದಿದ್ದರೆ ನಿಮ್ಮ ಗ್ರಂಥಾಲಯದವರನ್ನು ಕೇಳಿ, ಬೇರೆ ಗ್ರಂಥಾಲಯದಿಂದ ತರಿಸಿಕೊಡುವುದು ನಮ್ಮ ಕೆಲಸ. ಸಂಕೋಚದಿಂದ ಕೇಳದೆ ಹೋಗುವವರೇ ಹೆಚ್ಚು.

ಎಐ ವಿಚಾರ. ಪೇಪರಿಗೆ ಲೇಖಕರೇ ಬರೆದ ಸಾರಾಂಶ ಆಗಲೇ ಮೇಲೆ ಇರುತ್ತದೆ, ಅದರ ಮೇಲೆ ಇನ್ನೊಂದು ಯಾಕೆ? ನಿಮಗೆ ನಿಜವಾಗಿ ಬೇಕಾದ್ದು ಸಾರಾಂಶ ಹೇಳದ ಸಂಗತಿ: ಎಷ್ಟು ಮಕ್ಕಳ ಮೇಲೆ ಅಧ್ಯಯನ ಮಾಡಿದರು, ಹೇಗೆ ಅಳೆದರು, ಮಿತಿ ಏನು ಅಂತ. ಅದಕ್ಕೆ ವಿಧಾನದ ಭಾಗವನ್ನು ನೀವೇ ಓದಬೇಕು. ಇನ್ನು ಎಐ ಕೊಟ್ಟ ಉಲ್ಲೇಖವನ್ನು ಡಿಒಐ (ಲೇಖನದ ಗುರುತು ಸಂಖ್ಯೆ) ಹಾಕಿ ತೆರೆದು ನೋಡದೆ ಎಲ್ಲೂ ಬಳಸಬೇಡಿ. ಹುಟ್ಟೇ ಇಲ್ಲದ ಪೇಪರಿಗೆ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಡುತ್ತದೆ. ಅಂಥದ್ದನ್ನು ಹುಡುಕಿಕೊಡಿ ಅಂತ ನಮ್ಮ ಕೌಂಟರ್‌ಗೆ ಬರುವವರು ಈಗ ಹೆಚ್ಚಾಗಿದ್ದಾರೆ.

ಪ್ರಕಟಿಸಿದ ಮೇಲೆ ಜರ್ನಲ್‌ಗಳು ಹಿಂತೆಗೆದುಕೊಂಡ ಪೇಪರ್‌ಗಳ ಬಗ್ಗೆಯೂ ಎಚ್ಚರ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪೇಪರನ್ನು ಅದನ್ನು ಪ್ರಕಟಿಸಿದ ಜರ್ನಲ್ ಪೂರ್ತಿ ಹಿಂತೆಗೆದುಕೊಂಡಿದ್ದು 2010ರಲ್ಲಿ. ನಿಮ್ಮ ಬಳಿ ಹಳೆಯ ಪಿಡಿಎಫ್ ಇದ್ದರೆ ಅದರ ಮೇಲೆ ಇದೇನೂ ಬರೆದಿರುವುದಿಲ್ಲ. ಹಿಂತೆಗೆದುಕೊಂಡ ಪೇಪರ್‌ಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶ ಬಳಸಿ ಝೊಟೆರೊ ಅಂಥವಕ್ಕೆ ಎಚ್ಚರಿಕೆ ತೋರಿಸುತ್ತದೆ. ನಾನು ಅದನ್ನು ಶಿಫಾರಸು ಮಾಡಲು ಇದೂ ಒಂದು ಕಾರಣ.

ಪ್ರಶ್ನೆ ಕೇಳಿದವರು

ಓದಿದ್ದು ಮರೆತುಹೋಗುತ್ತಲ್ಲ ಸರ್, ಅದಕ್ಕೇನು?

ಗ್ರಂಥಪಾಲಕ

ಪೇಪರ್ ಮುಚ್ಚಿಟ್ಟು ನಾಲ್ಕು ಸಾಲು ಬರೆಯಿರಿ: ಏನು ಕೇಳಿದರು, ಹೇಗೆ ಹುಡುಕಿದರು, ಏನು ಸಿಕ್ಕಿತು, ನನಗೆ ಎಲ್ಲಿ ಬೇಕಾಗುತ್ತದೆ. ನಿಮ್ಮ ಮಾತಲ್ಲೇ ಇರಲಿ, ಕನ್ನಡದಲ್ಲಾದರೂ ಸರಿ. ನಾಲ್ಕನೇ ಸಾಲು ಬರೆಯಲು ಏನೂ ಹೊಳೆಯದಿದ್ದರೆ ಆ ಪೇಪರ್ ನಿಮಗಲ್ಲ. ವಿದ್ಯಾರ್ಥಿಗಳಿಗೆ ಸೆಮಿನಾರ್ ಇದ್ದರೆ ತಿಂಗಳಿಗೊಂದು ಹೊಸ ಪೇಪರ್ ಅಲ್ಲೇ ಓದಿಸಿ, ಪಾಠದ ಲೆಕ್ಕಕ್ಕೂ ಬರುತ್ತದೆ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ)

ಅಲರ್ಟ್ ಎಲ್ಲ ಅಳಿಸಿದೆ, ಕೈ ನಡುಗಿತು. ಉಲ್ಲೇಖಪಟ್ಟಿ ಎಣಿಸಿದೆ. 183ರಲ್ಲಿ 71 ಬರೀ ಆರು ಜರ್ನಲ್‌ನವು! ತಮಾಷೆ ಏನೆಂದರೆ, ಅದರಲ್ಲಿ ಮೊದಲ ಸ್ಥಾನದ ಜರ್ನಲ್‌ಗೆ ನಾನು ಅಲರ್ಟೇ ಹಾಕಿರಲಿಲ್ಲ. ಆ 600 ಬರುತ್ತಿದ್ದದ್ದು ಬೇರೆ ಎಲ್ಲಿಂದಲೋ.

ಗ್ರಂಥಪಾಲಕ

ಹಾಕಿದಿರಿ ತಾನೇ ಈಗ?

ಪ್ರಶ್ನೆ ಕೇಳಿದವರು

ಹಾಕಿದೆ ಸರ್. ಮಂಗಳವಾರ ಮೂರರಿಂದ ಐದು ಅಂತ ವೇಳಾಪಟ್ಟಿಯಲ್ಲೂ ಬರೆದೆ. ಆಗಲೇ ಆ ಹೊತ್ತಿಗೆ ಒಂದು ಸಭೆ ಕರೆದಿದ್ದಾರೆ. ನನಗೆ ಬೇರೆ ಕೆಲಸ ಇದೆ ಅಂತ ಹೇಳಿ ಕಳಿಸಿದೆ.