ಮಗಳ ಏರ್ ರೈಫಲ್‌ಗೆ ಅಲ್ಯೂಮಿನಿಯಂ ಸ್ಟಾಕ್: ಮೂರನೇ ಪ್ರೊಟೊಟೈಪ್, ಎರಡು ತಲೆನೋವು

ಭೋಸರಿ_ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಶೆಡ್ ಇಟ್ಟುಕೊಂಡಿದ್ದೇನೆ, ಊರು ಗೋಕಾಕ ಕಡೆ. ಮಗಳು ಬಾಲೇವಾಡಿ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಹಳೇ ಮರದ ಸ್ಟಾಕ್ (ರೈಫಲ್ಲನ್ನು ಭುಜಕ್ಕಾನಿಸಿ ಹಿಡಿಯುವ ಚೌಕಟ್ಟು) ಅವಳ ಭುಜಕ್ಕೆ ಸರಿಹೊಂದಲಿಲ್ಲ, ಹೊಸದರ ರೇಟ್ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ನಾನೇ ಮಿಲ್ಲಿಂಗ್ ಮಾಡುತ್ತಿದ್ದೇನೆ. ಬ್ಯಾರೆಲ್, ಟ್ರಿಗರ್ ಯಾವುದನ್ನೂ ಮುಟ್ಟಿಲ್ಲ, ಬರೀ ಸ್ಟಾಕ್.

ಮೊದಲನೆಯದು ಸ್ಕ್ರ್ಯಾಪ್‌ಗೆ ಹೋಯಿತು. ಎರಡನೆಯದನ್ನು ಅನೊಡೈಸ್‌ಗೆ (ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬರಿಸುವುದು) ಕೊಟ್ಟೆ, ವಾಪಸ್ ಬಂದಾಗ 4 ಮಿ.ಮೀ. ಸ್ಕ್ರೂಗಳ ಎಂ4 ಥ್ರೆಡ್ಡುಗಳಲ್ಲಿ ಒಂದು ಸ್ಕ್ರೂ ಕೂಡ ಇಳಿಯಲಿಲ್ಲ. ಮೂರನೆಯದರಲ್ಲಿ ಎರಡು ತಕರಾರು. ಒಂದು, ಸ್ಪರ್ಧೆಯಲ್ಲಿ ಇಡೀ ರೈಫಲ್ಲಿನ ತೂಕದ ಮಿತಿ 5.5 ಕಿಲೋ, ನನ್ನದು 5.62 ತೂಗುತ್ತಿದೆ. ಎರಡು, ಕ್ಲ್ಯಾಂಪಿಗೆ ಕಟ್ಟಿ ಹೊಡೆದರೆ ಮೊದಲು ಐದೂ ಗುಂಡು ಒಂದೇ ತೂತಿನ ಹಾಗೆ ಬೀಳುತ್ತವೆ, ನಲವತ್ತು ಗುಂಡು ಆಗುವಷ್ಟರಲ್ಲಿ ಇಡೀ ಗುಂಪು ಬಲಕ್ಕೆ 2 ಮಿ.ಮೀ. ಸರಿದಿರುತ್ತದೆ. ಸ್ಕ್ರೂ ಎಲ್ಲಾ ಬಿಗಿಯಾಗಿವೆ. ತಲೆ ಕೆಟ್ಟು ಹೋಗಿದೆ.

ಠಾಣೆ_ಕಾಕಾ:
2 ಮಿ.ಮೀ. ಅಂದರೆ ಸಣ್ಣದಲ್ಲ ತಮ್ಮಾ. ಗುಂಡಿನ ಅಗಲ 4.5, ಗುರಿಹಲಗೆಯ ನಡುವಿನ ಚುಕ್ಕೆ ಬರೀ 0.5. ಗುಂಡಿನ ನಡುಮಧ್ಯ ಗುರಿಯ ಕೇಂದ್ರದಿಂದ 2.5 ಮಿ.ಮೀ. ಒಳಗಿದ್ದರೆ ಮಾತ್ರ ಹತ್ತು ಅಂಕ. ಹುಡುಗಿ ತಪ್ಪೇ ಮಾಡದೆ ಒಂಬತ್ತು ಹೊಡೀತಾಳೆ, ಆಮೇಲೆ ತನ್ನದೇ ತಪ್ಪು ಅಂತ ಕೊರಗುತ್ತಾಳೆ.

ಒಂದು ಪ್ರಶ್ನೆ, ಬ್ಯಾರೆಲ್ ಕೆಳಗಿನ ಗಾಳಿ ಸಿಲಿಂಡರ್ ಸ್ಟಾಕ್‌ಗೆ ಎಲ್ಲಾದರೂ ತಾಗುತ್ತಿದೆಯಾ? 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದಾಗ ಅದು ಕೂದಲೆಳೆಯಷ್ಟು ಉಬ್ಬುತ್ತದೆ, ಗಾಳಿ ಖಾಲಿಯಾದ ಹಾಗೆ ಮತ್ತೆ ಕುಗ್ಗುತ್ತದೆ. ಎಲ್ಲಾದರೂ ಒತ್ತುತ್ತಿದ್ದರೆ ಆ ಒತ್ತಡ ಹೊಡೆತ ಹೊಡೆತಕ್ಕೂ ಬದಲಾಗುತ್ತಾ ಹೋಗುತ್ತದೆ. ಸಿಲಿಂಡರ್ ಮತ್ತು ಸ್ಟಾಕ್ ನಡುವೆ ಬಸ್ ಟಿಕೆಟ್ ತೂರಿಸಿ ನೋಡು. ಪೂರ್ತಿ ತುಂಬಿದಾಗ ಒಮ್ಮೆ, 80 ಬಾರ್‌ಗೆ ಇಳಿದ ಮೇಲೆ ಒಮ್ಮೆ.

ಮಡಗಾಂವ್_ಮಂಜ:
ಬಾಸ್, ಇಷ್ಟೆಲ್ಲಾ ಕಷ್ಟಪಡೋ ಬದಲು ದೊಡ್ಡ ಕ್ಯಾಲಿಬರ್‌ದೇ ಒಂದು ಮಾಡಬಾರದಾ? ಮಿಲ್ಲಿಂಗ್ ಹೇಗೂ ಬರುತ್ತೆ 😄

ಠಾಣೆ_ಕಾಕಾ:
ಮಂಜಾ, ತಮಾಷೆಗೂ ಬೇಡ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಜೈಲೇ ಗತಿ. ಅದು ತಿರುಚ್ಚಿರಾಪಳ್ಳಿ ಕಾರ್ಖಾನೆಯಂಥವರ ಕೆಲಸ, ಅಲ್ಲಿ 12.7 ಮಿ.ಮೀ.ನ ವಿಧ್ವಂಸಕ್ ಅನ್ನುವ ಸೇನಾ ರೈಫಲ್ ಮಾಡಿದ್ದಾರೆ. ಇವರದು ಅರ್ಧ ಗ್ರಾಂ ಸೀಸದ ಆಟ, ಗುಂಡಿನ ಶಕ್ತಿ ಸುಮಾರು 8 ಜೂಲ್ ಅಷ್ಟೇ.

ಚಿಂಚವಾಡ_ಅಕ್ಕ:
ತೂಕದ ಬಗ್ಗೆ ನಾನು ಹೇಳ್ತೀನಿ, ನನ್ನ ಮಗ ಇದೇ ಗೋಳಿನಲ್ಲಿದ್ದ. ತೂಗುವಾಗ ಸಿಲಿಂಡರ್ ತುಂಬಿತ್ತಾ? ಗಾಳಿಗೂ ತೂಕ ಇದೆ ಅಣ್ಣಾ, 200 ಸಿಸಿ ಸಿಲಿಂಡರಿಗೆ 200 ಬಾರ್ ಹಾಕಿದರೆ ಹತ್ತಿರ ಹತ್ತಿರ 50 ಗ್ರಾಂ. ಆದರೆ ಖಾಲಿ ಮಾಡಿ ತೂಗಿ ಪಾಸಾಗೋಣ ಅಂದುಕೊಳ್ಳಬೇಡಿ, ತುಂಬಿಯೇ ಲೆಕ್ಕ ಹಾಕಿ. ಭುಜಕ್ಕೆ ತಾಗುವ ಬಟ್ ಪ್ಲೇಟ್ ಕಡೆಯಿಂದ ಕೊರೆದರೆ ಮುಂದೆ ಭಾರ ಜಾಸ್ತಿಯಾಗಿ ಎಡಗೈ ಸೋಲುತ್ತೆ. ನಡುವಿನ ಕೆಳಭಾಗದಲ್ಲಿ ಪಾಕೆಟ್ ಹೊಡೆಯಿರಿ, ಅಂದರೆ ಲೋಹ ಕೊರೆದು ಗುಳಿ ಮಾಡಿ. 120 ಗ್ರಾಂ ಅಂದರೆ 44 ಘನ ಸೆಂಟಿಮೀಟರ್ ಲೋಹ, ಅಷ್ಟು ಸಿಗುತ್ತೆ.

ಭೋಸರಿ_ಫಿಟ್ಟರ್:
ಕಾಕಾ, ನಿಮ್ಮ ಕೈ ಮುಗಿಯಬೇಕು! ಪಿಎಂಪಿಎಂಎಲ್ (ನಮ್ಮ ಪುಣೆ ಸಿಟಿ ಬಸ್) ಟಿಕೆಟ್ ಹಾಕಿದೆ. ತುಂಬಿದ ಸಿಲಿಂಡರಿಗೆ ಮುಂದಿನ ತುದಿಯಲ್ಲಿ ಸಿಕ್ಕಿಹಾಕಿಕೊಂಡಿತು, ಎಳೆದರೆ ಹರಿಯಿತು. 80 ಬಾರಿಗೆ ಇಳಿಸಿ ಇನ್ನೊಂದು ಟಿಕೆಟ್ ಹಾಕಿದರೆ ಸರಾಗ ಜಾರಿತು. ಸಿಲಿಂಡರ್ ಕೂರುವ ಚಾನಲ್ಲಿನ ಎಡಗೋಡೆ ಅಲ್ಲಿ ಹೊಳೆಯುತ್ತಿದೆ, ಉಜ್ಜಿದ ಗುರುತು, ಇಷ್ಟು ದಿನ ಕಣ್ಣ ಮುಂದೆಯೇ ಇತ್ತು. ಎರಡೂ ಕಡೆ ಅರ್ಧ ಮಿ.ಮೀ. ತೆಗೆದೆ, ಅರವತ್ತು ಗುಂಡು ಹೊಡೆದರೂ ಗುಂಪು ಕದಲಲಿಲ್ಲ.

ಅಕ್ಕಾ, ಪಾಕೆಟ್ ಹೊಡೆದೆ, ತುಂಬಿದ ಸಿಲಿಂಡರ್ ಸೇರಿ 5.47. ಅನೊಡೈಸ್ ಈ ಸಲ ಥ್ರೆಡ್ಡುಗಳಿಗೆ ಬಿರಡೆ ಹಾಕಿಸಿಯೇ. ಇಷ್ಟಾದ ಮೇಲೆ ಮಗಳು ಹೇಳುತ್ತಿದ್ದಾಳೆ, ಬೆಳಿಗ್ಗೆ ಕೆನ್ನೆ ಇಟ್ಟರೆ ಚಳಿ ಹೊಡೆಯುತ್ತದಂತೆ!

ಚಿಂಚವಾಡ_ಅಕ್ಕ:
ಕೆನ್ನೆ ಆನಿಸುವ ಚೀಕ್ ಪೀಸಿಗೆ ಸೈಕಲ್ ಹ್ಯಾಂಡಲ್ ಟೇಪ್ ಸುತ್ತಿ ನೋಡಿ, ತೆಳ್ಳಗಿನದು. ಅದನ್ನೂ ತೂಕಕ್ಕೆ ಸೇರಿಸಿ ಮತ್ತೆ!