ಎರಡು ವಸಂತ ಋತು ಕೊಡಿ

ಭಾನುವಾರ ಸಂಜೆ ರಾಯರು ನಮ್ಮ ಬಾಗಿಲು ತಟ್ಟಿದಾಗ ಅವರ ಕೈಯಲ್ಲಿ ಸೈಕಲ್ ಸ್ಟ್ಯಾಂಡಿನ ಮುರಿದ ಸ್ಪ್ರಿಂಗೊಂದಿತ್ತು. ಮುಖದಲ್ಲಿ ಚೀನೀ ಭಾಷೆಯ ಮೇಲೆ ಕೇಸು ಹಾಕಿಯೇ ತೀರುವೆನೆಂಬ ಕಳೆಯಿತ್ತು. ಕಂಪನಿಯವರು ಅವರನ್ನು ಶಾಂಘೈಗೆ ಕಳುಹಿಸಿ ಎಂಟು ತಿಂಗಳಾಗಿದೆ. ಈ ಎಂಟು ತಿಂಗಳಲ್ಲಿ ಅವರು ಕಲಿತ ಪದಗಳಿಗಿಂತ ಬದಲಾಯಿಸಿದ ನಿಘಂಟುಗಳೇ ಹೆಚ್ಚು ಎಂಬುದು ಸುಮಕ್ಕನ ಲೆಕ್ಕ. ಸುಮಕ್ಕ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಭಾಷೆಯನ್ನು ಕ್ರಮವಾಗಿ ಓದುತ್ತಿರುವವರು. ಆದ್ದರಿಂದ ನಮ್ಮ ನಾಲ್ವರ ಗುಂಪಿನಲ್ಲಿ ತೀರ್ಪು ಅವರದು, ಅಪೀಲು ರಾಯರದು.

“ಈ ನಿಘಂಟುಗಳನ್ನು ನಂಬುವುದಕ್ಕಿಂತ ಗಿಳಿಶಾಸ್ತ್ರದವನನ್ನು ನಂಬುವುದು ಮೇಲು” ಎನ್ನುತ್ತಾ ರಾಯರು ಕುರ್ಚಿ ಎಳೆದುಕೊಂಡು ಕುಳಿತರು. ವಿಷಯ ಇಷ್ಟು. ಅವರು ಫೋನಿನಲ್ಲಿ ಯಾವುದೋ ಅನುವಾದದ ಆ್ಯಪ್ ತೆರೆದು ಇಂಗ್ಲಿಷಿನಲ್ಲಿ ‘ಸ್ಪ್ರಿಂಗ್’ ಎಂದು ಒತ್ತಿದ್ದಾರೆ. ಅದು ಕ್ಷಣವೂ ಯೋಚಿಸದೆ ‘ಛುನ್‌ಥಿಯೆನ್’ ಎಂದಿದೆ. ರಾಯರು ಆ ಪದವನ್ನು ದಾರಿಯುದ್ದಕ್ಕೂ ಸಂಧ್ಯಾವಂದನೆಯ ಮಂತ್ರದಂತೆ ಜಪಿಸುತ್ತಾ ಹೋಗಿ, ಸೈಕಲ್ ರಿಪೇರಿಯವನ ಮುಂದೆ ಎರಡು ಬೆರಳೆತ್ತಿ, “ಛುನ್‌ಥಿಯೆನ್, ಎರಡು ಬೇಕು” ಎಂದಿದ್ದಾರೆ. ಅವನು ಸ್ಪ್ಯಾನರನ್ನು ಕೆಳಗಿಟ್ಟು, ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಜನವರಿ ಹಾಳೆಯನ್ನು ಮೇಲೆತ್ತಿ, ಫೆಬ್ರುವರಿ 4ರ ಮೇಲೆ ಗ್ರೀಸು ಮೆತ್ತಿದ ಬೆರಳನ್ನು ಊರಿದ್ದಾನೆ. ಚೀನೀ ಪಂಚಾಂಗದ ಪ್ರಕಾರ ವಸಂತ ಕಾಲಿಡುವುದು ಸಾಮಾನ್ಯವಾಗಿ ಅಂದೇ.

“ಅಂದರೆ ನಾನು ಅವನನ್ನು ಎರಡು ವಸಂತ ಋತು ಕೊಡಿ ಎಂದು ಕೇಳಿದ್ದೇನೆ” ಎಂದು ರಾಯರು ನಿಟ್ಟುಸಿರು ಬಿಟ್ಟರು.

“ಒಂದನ್ನಾದರೂ ಕೊಟ್ಟಿದ್ದರೆ ಈ ಚಳಿಗೆ ಆಗುತ್ತಿತ್ತು” ಎಂದ ಪುಟ್ಟಣ್ಣ, ಕಂಬಳಿಯೊಳಗಿನಿಂದಲೇ.

ಸುಮಕ್ಕ ಕಾಫಿ ಬಸಿಯುತ್ತಲೇ ವಿಚಾರಣೆ ಆರಂಭಿಸಿದರು. “ರಾಯರೇ, ನೀವು ನೋಡಿದ್ದು ನಿಘಂಟನ್ನಲ್ಲ, ಅನುವಾದದ ಯಂತ್ರವನ್ನು. ಅದಕ್ಕೆ ಒಂದು ಪದ ಕೊಟ್ಟರೆ ಒಂದು ಪದ ಹಿಂದಿರುಗಿಸುತ್ತದೆ, ತನಗೆ ಸಂಶಯವಿದೆ ಎಂದು ಬಾಯಿ ಬಿಡುವುದಿಲ್ಲ. ಒಳ್ಳೆಯ ನಿಘಂಟಿನಲ್ಲಿ ಅದೇ ಪದವನ್ನು ಒತ್ತಿದ್ದರೆ ಋತುವಿಗೆ ಛುನ್‌ಥಿಯೆನ್, ತಂತಿಯ ಸುರುಳಿಗೆ ಥಾನ್‌ಹುವಾಂಗ್, ನೀರಿನ ಬುಗ್ಗೆಗೆ ಇನ್ನೊಂದು, ನೆಗೆಯುವುದಕ್ಕೆ ಮತ್ತೊಂದು ಎಂದು ಎಲ್ಲವನ್ನೂ ಸಾಲಾಗಿ ನಿಲ್ಲಿಸುತ್ತಿತ್ತು.”

“ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಕಳ್ಳ ಯಾರೆಂದು ನೀವೇ ಹೇಳಿ ಎನ್ನುವ ನಿಘಂಟು ನನಗೇಕಮ್ಮ? ಗುರುತು ಹಿಡಿಯುವ ಶಕ್ತಿ ನನಗಿದ್ದಿದ್ದರೆ ನಿಘಂಟೇ ಬೇಕಾಗಿರಲಿಲ್ಲ.”

ನನಗೆ ರಾಯರ ವಾದ ಹಗುರವೆನಿಸಲಿಲ್ಲ. ಕಲಿಯುವವನ ಸಂಕಟವೇ ಅದು. ಸುಮಕ್ಕನ ಉಪಾಯ ಸರಳವಾಗಿತ್ತು: ಇಂಗ್ಲಿಷಿನಿಂದ ಚೀನೀಗೆ ಹೋದವರು ಅಲ್ಲಿಯೇ ಉಳಿಯದೆ, ಸಿಕ್ಕ ಚೀನೀ ಪದವನ್ನು ಮತ್ತೆ ನಿಘಂಟಿಗೆ ಕೊಟ್ಟು ಇಂಗ್ಲಿಷಿಗೆ ಹಿಂದಿರುಗಿ ನೋಡಬೇಕು. ಛುನ್‌ಥಿಯೆನ್ ಎಂಬುದನ್ನು ಹಿಂದಿರುಗಿಸಿ ನೋಡಿದ್ದರೆ ಹೂವು, ಚಿಗುರು, ಹಬ್ಬದ ವಾಕ್ಯಗಳು ಎದುರಾಗುತ್ತಿದ್ದವು. ಸೈಕಲ್ಲಿಗೂ ಹೂವಿಗೂ ಸಂಬಂಧವಿಲ್ಲವೆಂದು ರಾಯರಿಗೂ ಹೊಳೆಯುತ್ತಿತ್ತು.

ಪುಟ್ಟಣ್ಣನ ತೊಂದರೆ ಬೇರೆ. ಅವನು ಓದಲು ಬಂದು ಮೂರು ತಿಂಗಳಾಗಿದೆ, ಕೇಳಿದ್ದನ್ನು ಕೇಳಿದಂತೆಯೇ ಒತ್ತುತ್ತಾನೆ. ಕ್ಯಾಂಟೀನಿನಲ್ಲಿ ಸಹಪಾಠಿಯೊಬ್ಬ ತಟ್ಟೆಯನ್ನು ಮುಂದೆ ನೂಕಿ ‘ತೋಫು’ ಎಂದಾಗ, ಇವನು ತನ್ನ ಕಿವಿಗೆ ಬಿದ್ದ ‘ತ’ಕ್ಕೆ ಇಂಗ್ಲಿಷಿನ ಟಿ ಅಕ್ಷರ ಹಾಕಿ ಹುಡುಕಿದ. ನಿಘಂಟು ಅದಕ್ಕೆ ಹತ್ತಿರದ ಪದವೆಂದು ‘ಥೌಫ’ವನ್ನು ಎತ್ತಿಕೊಟ್ಟಿತು. ಅದರ ಅರ್ಥ ತಲೆಗೂದಲು. ಪುಟ್ಟಣ್ಣ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ತಮ್ಮ ಮನೆತನದಲ್ಲಿ ಕೂದಲು ತಿನ್ನುವ ಪದ್ಧತಿಯಿಲ್ಲವೆಂದು ಸವಿನಯವಾಗಿ ತಿಳಿಸಿದ.

“ಅಲ್ಲಿ ಹಾಕಬೇಕಾದದ್ದು ಡಿ ಅಕ್ಷರ” ಎಂದರು ಸುಮಕ್ಕ. “ಚೀನೀ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಲಿಪಿಯಲ್ಲಿ ಬಿ, ಡಿ, ಜಿ ಎಂದರೆ ನಮ್ಮ ಬ, ದ, ಗ ಅಲ್ಲ, ಅವು ಅಲ್ಪಪ್ರಾಣದ ಪ, ತ, ಕ. ಪಿ, ಟಿ, ಕೆ ಎಂದರೆ ಅವುಗಳ ಮಹಾಪ್ರಾಣ. ಇಂಗ್ಲಿಷಿನವರು ಇದನ್ನು ಕಲಿಯಲು ಬಾಯಿಯ ಮುಂದೆ ಕಾಗದ ಹಿಡಿದು ಊದುತ್ತಾರೆ. ನಾವು ಒಂದನೆಯ ತರಗತಿಯಲ್ಲೇ ಕಲಿತು ಬಂದಿದ್ದೇವೆ.”

ಮಹಾಪ್ರಾಣ ಕನ್ನಡಕ್ಕೆ ಬೇಕೇ ಬೇಡವೇ ಎಂದು ಊರಿನಲ್ಲಿ ಜಗಳವಾಡುವವರು ಒಮ್ಮೆ ಇಲ್ಲಿಗೆ ಬಂದು ತೋಫು ಕೇಳಲಿ ಎಂದು ನಾನು ಹೇಳಿದೆ. ಶ, ಷ, ಸಗಳ ಕಥೆಯೂ ಇದೇ. ಪಿನ್‌ಯಿನ್‌ನ ಎಕ್ಸ್ ನಮ್ಮ ಶಕ್ಕೆ ಹತ್ತಿರ, ಎಸ್ ಎಚ್ ಎಂಬುದು ನಮ್ಮ ಹೊಟ್ಟೆ ಸೀಳಿದ ಷಕ್ಕೆ ಹತ್ತಿರ. ನಾವು ಕಾಗದದ ಮೇಲಷ್ಟೇ ಉಳಿಸಿಕೊಂಡಿರುವ ಭೇದವನ್ನು ಇವರು ನಾಲಗೆಯ ಮೇಲೆ ಇಟ್ಟುಕೊಂಡಿದ್ದಾರೆ. ಆದ್ದರಿಂದ ಪದವನ್ನು ಬಾಯಿಬಿಟ್ಟು ಹೇಳದ ನಿಘಂಟನ್ನು ಇಟ್ಟುಕೊಳ್ಳಲೇಬಾರದು ಎಂಬುದರಲ್ಲಿ ನಾಲ್ವರಿಗೂ ಒಮ್ಮತ. ‘ಮಾಯ್’ ಎಂಬುದನ್ನು ಇಳಿಸಿ ಏರಿಸಿದರೆ ಕೊಳ್ಳುವುದು, ಧೊಪ್ಪನೆ ಬೀಳಿಸಿದರೆ ಮಾರುವುದು ಎಂದಮೇಲೆ, ಏರಿಳಿತದ ಗುರುತಿಲ್ಲದ ನಿಘಂಟಿನಿಂದ ವ್ಯಾಪಾರ ಮಾಡಿದವನ ಗತಿಯನ್ನು ಊಹಿಸಬಹುದು.

ಇಷ್ಟರಲ್ಲಿ ರಾಯರು ಚೇತರಿಸಿಕೊಂಡಿದ್ದರು. “ನಾನೇನು ಮತ್ತೆ ಮೋಸಹೋಗುವವನಲ್ಲ. ಈಗ ಐದು ನಿಘಂಟುಗಳನ್ನು ಇಟ್ಟುಕೊಂಡಿದ್ದೇನೆ. ಐದೂ ಒಂದೇ ಮಾತು ಹೇಳಿದರೆ ಮಾತ್ರ ಒಪ್ಪುವುದು” ಎಂದು ಫೋನನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ತೋರಿಸಿದರು. ಐದರಲ್ಲೂ ಥಾನ್‌ಹುವಾಂಗ್ ಎಂಬುದಕ್ಕೆ ಒಂದೇ ಅರ್ಥವಿತ್ತು, ಅದೇ ಪದಗಳಲ್ಲಿ, ಅದೇ ಕ್ರಮದಲ್ಲಿ.

ಸುಮಕ್ಕ ನಕ್ಕರು. “ಐದು ನಲ್ಲಿ, ಒಂದೇ ಟ್ಯಾಂಕು! ಜಪಾನಿ ಭಾಷೆಗೆ ಜಿಮ್ ಬ್ರೀನ್ ಅವರು ಮಾಡಿದ್ದ ಎಡಿಕ್ಟ್ ಎಂಬ ಪದಕೋಶದ ಮಾದರಿಯಲ್ಲಿ ಪಾಲ್ ಡೆನಿಸೋವ್‌ಸ್ಕಿ ಎಂಬವರು 1997ರಲ್ಲಿ ಚೀನೀ ಭಾಷೆಗೆ ಸಿಡಿಕ್ಟ್ ಎಂಬುದನ್ನು ಆರಂಭಿಸಿದರು. ಅದರ ಮುಂದುವರಿಕೆಯಾದ ಸಿಸಿ-ಸಿಡಿಕ್ಟನ್ನು ಈಗ ಎಂಡಿಬಿಜಿ ತಾಣದವರು ನೋಡಿಕೊಳ್ಳುತ್ತಿದ್ದಾರೆ. 1,20,000ಕ್ಕೂ ಹೆಚ್ಚು ಪದಗಳಿವೆ, ಯಾರು ಬೇಕಾದರೂ ಬಳಸಬಹುದು, ತಪ್ಪು ಕಂಡರೆ ತಿದ್ದುಪಡಿ ಕಳುಹಿಸಬಹುದು. ಉಚಿತವಾದ್ದರಿಂದ ಹೊಸ ನಿಘಂಟು ತೆರೆಯುವವರಲ್ಲಿ ಬಹಳ ಮಂದಿ ಮೊದಲು ಅಲ್ಲಿಂದಲೇ ಕೊಡ ತುಂಬಿಕೊಳ್ಳುತ್ತಾರೆ. ನಮ್ಮ ವಿ. ಕೃಷ್ಣ ಅವರ ‘ಅಲರ್’ ಕನ್ನಡ ನಿಘಂಟನ್ನೂ ಹೀಗೆಯೇ ಮುಕ್ತವಾಗಿ ಬಿಟ್ಟಿದ್ದಾರಲ್ಲ, ಹಾಗೆ.”

“ಹಾಗಾದರೆ ನನ್ನ ಐವರು ಸಾಕ್ಷಿಗಳು?”

“ಒಬ್ಬನೇ ಸಾಕ್ಷಿ, ಐದು ಅಂಗಿ.”

ಬೇರೆ ಟ್ಯಾಂಕು ಯಾವುದೆಂದು ಪುಟ್ಟಣ್ಣ ಕೇಳಿದ. 2000ದಲ್ಲಿ ಆರಂಭವಾದ ಪ್ಲೆಕೊ ಎಂಬ ಕಂಪನಿಯ ಆ್ಯಪ್‌ನಲ್ಲಿ ಅದರದೇ ನಿಘಂಟು ಇದೆಯೆಂದೂ, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆಯೆಂದೂ, ಜಾನ್ ಡಿಫ್ರಾನ್ಸಿಸ್ ಅವರು ಸಂಪಾದಿಸಿದ ಎಬಿಸಿ ನಿಘಂಟನ್ನು ಹಣ ಕೊಟ್ಟು ಅದರೊಳಗೆ ಸೇರಿಸಿಕೊಳ್ಳಬಹುದೆಂದೂ ಸುಮಕ್ಕ ವಿವರಿಸಿದರು. ‘ಹಣ’ ಎಂಬ ಪದ ಕೇಳಿದೊಡನೆ ರಾಯರು ಕಾಫಿ ಲೋಟದೊಳಗೆ ಮುಖ ಮರೆಸಿದರು. “ಅರ್ಥವನ್ನು ದುಡ್ಡಿಗೆ ಮಾರುವವರಿಂದ ನಾನು ಕೊಳ್ಳುವುದಿಲ್ಲ” ಎಂಬುದು ಅವರ ನಿಲುವು. ಎಂದಮೇಲೆ ಉಚಿತವಾದವುಗಳಲ್ಲಿ ಒಂದನ್ನು ಆರಿಸುವುದು ಹೇಗೆ ಎಂಬುದೇ ಪ್ರಶ್ನೆಯಾಗಿ ಉಳಿಯಿತು.

ಆಗ ಸುಮಕ್ಕ ತಮ್ಮ ಪರೀಕ್ಷೆಯನ್ನು ಹೊರತೆಗೆದರು. “ಯಾವ ನಿಘಂಟಿನಲ್ಲಾದರೂ ‘ಅಂಕಲ್’ ಎಂದು ಒತ್ತಿ ನೋಡಿ. ಒಂದೇ ಪದ ಬಂದರೆ ಅದನ್ನು ಅಳಿಸಿಬಿಡಿ.”

ನಾವು ಮೂವರೂ ಒತ್ತಿದೆವು. ಒಂದು ಆ್ಯಪ್ ‘ಷೂಷು’ ಎಂದು ಹೇಳಿ ಕೈ ತೊಳೆದುಕೊಂಡಿತು. ಇನ್ನೊಂದರಲ್ಲಿ ಸಂಸಾರವೇ ಇಳಿದು ಬಂದಿತು. ಅಪ್ಪನ ಅಣ್ಣ ಪೋಪೊ, ಅಪ್ಪನ ತಮ್ಮ ಷೂಷು, ಅಮ್ಮನ ಅಣ್ಣತಮ್ಮಂದಿರು ಚ್ಯೋಚ್ಯೊ, ಅಪ್ಪನ ಅಕ್ಕತಂಗಿಯರ ಗಂಡ ಕೂಫು, ಅಮ್ಮನ ಅಕ್ಕತಂಗಿಯರ ಗಂಡ ಯೀಫು.

“ಅಯ್ಯೋ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ!” ಎಂದು ರಾಯರು ಮದುವೆ ಮನೆಯಲ್ಲಿ ನೆಂಟರನ್ನು ಕಂಡವರಂತೆ ಎದ್ದು ನಿಂತರು.

ಲೆಕ್ಕ ಸ್ವಾರಸ್ಯವಾಗಿತ್ತು. ಚೀನೀಯರದು ಐದು ಡಬ್ಬಿ. ಅತ್ತೆಯ ಗಂಡನನ್ನೂ ಅಮ್ಮನ ತಮ್ಮನನ್ನೂ ಮಾವ ಎಂದೇ ಕರೆದು, ಚಿಕ್ಕಮ್ಮನ ಗಂಡನನ್ನು ಚಿಕ್ಕಪ್ಪನೆನ್ನುವ ನಮ್ಮದು ಮೂರು ಡಬ್ಬಿ. ಇಂಗ್ಲಿಷಿನದು ಒಂದೇ ಗೋಣಿಚೀಲ. ಚೀನೀಯಿಂದ ಕನ್ನಡಕ್ಕೆ ನೇರವಾಗಿ ಬರಬಹುದಾಗಿದ್ದ ನೆಂಟರನ್ನು ನಾವು ಆ ಗೋಣಿಚೀಲದೊಳಗೆ ತುಂಬಿ, ಈಚೆಗೆ ತಂದು ಬಿಚ್ಚಿ, ಯಾರು ಯಾರೆಂದು ತಿಳಿಯದೆ ನಿಲ್ಲುತ್ತೇವೆ. ಇಂಗ್ಲಿಷ್ ನಮ್ಮಿಬ್ಬರ ನಡುವಿನ ದಲ್ಲಾಳಿ. ದಲ್ಲಾಳಿಯನ್ನು ತಪ್ಪಿಸಲಾಗದಿದ್ದರೆ, ಕಮಿಷನ್ ಕಡಿಮೆ ಮುರಿದುಕೊಳ್ಳುವವನನ್ನಾದರೂ ಹುಡುಕಬೇಕು.

ಎರಡನೆಯ ಪರೀಕ್ಷೆ ನನ್ನದು. ‘ತಾ’ ಎಂಬ ಕ್ರಿಯಾಪದವನ್ನು ಹುಡುಕಿ ಎಂದೆ. ಪಿನ್‌ಯಿನ್‌ನಲ್ಲಿ ಡಿ, ಎ, ಜೊತೆಗೆ ದನಿಯನ್ನು ಇಳಿಸಿ ಏರಿಸುವ ಮೂರನೆಯ ಏರಿಳಿತ. ಒಂದು ನಿಘಂಟು ‘ಹೊಡೆ’ ಎಂಬರ್ಥದ ಇಂಗ್ಲಿಷ್ ಪದವೊಂದನ್ನು ಬಿಸಾಡಿ ಸುಮ್ಮನಾಯಿತು. ಸುಮಕ್ಕ ಇಟ್ಟುಕೊಂಡಿದ್ದರಲ್ಲಿ ಅದರ ಜೊತೆ ಕೂಡುವ ಪದಗಳ ಮೆರವಣಿಗೆಯೇ ಇತ್ತು: ಅಕ್ಷರದೊಡನೆ ಸೇರಿದರೆ ಟೈಪ್ ಮಾಡುವುದು, ಟೆಲಿಗ್ರಾಮಿನೊಡನೆ ಸೇರಿದರೆ ಅದನ್ನು ಕಳುಹಿಸುವುದು, ‘ಹೂಲು’ ಎಂಬುದರೊಡನೆ ಸೇರಿದರೆ ನಿದ್ದೆಯಲ್ಲಿ ಸದ್ದು ಮಾಡುವುದು.

ರಾಯರು ಒಂದು ಕ್ಷಣ ಸುಮ್ಮನಿದ್ದು, “ಟೈಪ್ ಹೊಡೆಯುವುದು, ತಂತಿ ಹೊಡೆಯುವುದು, ಗೊರಕೆ ಹೊಡೆಯುವುದು. ಇದನ್ನು ನನಗೆ ಎಂಟು ತಿಂಗಳ ಹಿಂದೆಯೇ ಯಾರಾದರೂ ಹೇಳಬಾರದಿತ್ತೇ?” ಎಂದು ಕೇಳಿದರು. ಹರಟೆಯನ್ನೂ ಹೊಡೆಯುತ್ತಾರೆಯೇ ಎಂದು ಪುಟ್ಟಣ್ಣ ಹುಡುಕಲು ಹೋಗಿ, ಅದಕ್ಕೆ ಅವರು ಬೇರೆ ಕ್ರಿಯಾಪದ ಬಳಸುತ್ತಾರೆಂದು ತಿಳಿದು ಖಿನ್ನನಾದ.

ಎಣಿಸುವ ಪದಗಳ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪುಸ್ತಕಕ್ಕೆ ಒಂದು, ಮೀನಿಗೆ ಒಂದು, ಗೌರವದಿಂದ ಹೇಳುವ ಮನುಷ್ಯರಿಗೆ ಇನ್ನೊಂದು ಎಂದು ಪ್ರತಿ ನಾಮಪದದ ಪಕ್ಕದಲ್ಲಿ ನಿಘಂಟು ತಿಳಿಸಬೇಕು. ‘ಎರಡು ಮೇಷ್ಟ್ರು’ ಎಂದರೆ ನಮಗೆ ಕಿವಿ ಚುಚ್ಚುತ್ತದೆ, ‘ಇಬ್ಬರು’ ಎನ್ನಬೇಕು. ಆ ಕಿವಿಯಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಹತ್ತಾಗಿತ್ತು. ರಾಯರು ಎರಡು ಪರೀಕ್ಷೆಯಲ್ಲೂ ತೇರ್ಗಡೆಯಾದ ನಿಘಂಟೊಂದನ್ನು ಇಳಿಸಿಕೊಂಡು, ಅದು ಥಾನ್‌ಹುವಾಂಗ್ ಎಂದಂತೆಲ್ಲ ತಾವೂ ಥಾನ್‌ಹುವಾಂಗ್ ಎನ್ನುತ್ತಾ ಮೆಟ್ಟಿಲಿಳಿದರು. ಹಳೆಯ ಐದನ್ನು ಮಾತ್ರ ಅಳಿಸಲಿಲ್ಲ. ಉಚಿತವಾಗಿ ಬಂದದ್ದನ್ನು ಎಸೆಯುವ ಅಭ್ಯಾಸ ಅವರಿಗಿಲ್ಲ.

ಮರುದಿನ ಸಂಜೆ ಫೋನು ಬಂದಿತು. ಸ್ಪ್ರಿಂಗ್ ಸಿಕ್ಕಿತ್ತು, ಎರಡು. ಆದರೆ ಇವರು ಬಾಯಿ ತೆರೆಯುವ ಮೊದಲೇ ಅಂಗಡಿಯವನ ಆರೇಳು ವರ್ಷದ ಮಗ ಒಳಕ್ಕೆ ಓಡಿ, “ಅಪ್ಪಾ, ಛುನ್‌ಥಿಯೆನ್ ಯೇಯೆ ಬಂದಿದ್ದಾರೆ” ಎಂದು ಕೂಗಿದನಂತೆ. ಯೇಯೆ ಎಂಬುದು ನಿನ್ನೆಯ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ, ಅದು ಆರನೆಯ ಬಗೆಯ ಚಿಕ್ಕಪ್ಪನಿರಬಹುದೆಂದು ರಾಯರು ಅಲ್ಲಿಯೇ ನಿಂತು ಹೊಸ ನಿಘಂಟನ್ನು ತೆರೆದರು. ಆಮೇಲೆ ಹಳೆಯ ಐದನ್ನೂ ತೆರೆದರು. ಆರೂ ಒಂದೇ ಮಾತು ಹೇಳಿದವು: ಅಪ್ಪನ ಅಪ್ಪ, ತಾತ.

ರಾಯರಿಗೆ ಐವತ್ತೆರಡು, ತಲೆಗೆ ಬಣ್ಣ ಹಚ್ಚಿ ಇನ್ನೂ ವಾರವಾಗಿರಲಿಲ್ಲ.

“ಸುಮಾ ಅಲ್ಲಿಯೇ ಇದ್ದಾಳೆಯೇ? ಫೋನು ಕೊಡಿ” ಎಂದರು. ಸುಮಕ್ಕನಿಗೆ ಅವರು ಹೇಳಿದ್ದು ನನಗೂ ಕೇಳಿಸಿತು. “ನೋಡಮ್ಮಾ, ಆ ಐದೂ ಒಂದೇ ಟ್ಯಾಂಕಿನ ನೀರು ಎಂದಿದ್ದೆಯಲ್ಲ, ಬೇರೆ ಟ್ಯಾಂಕಿನದೊಂದು ಇದೆಯಲ್ಲ, ಅದರ ಹೆಸರೇನು? ದುಡ್ಡು ಎಷ್ಟಾದರೂ ಚಿಂತೆಯಿಲ್ಲ, ಈಗಲೇ ಕೊಳ್ಳುತ್ತೇನೆ.”