ಓದುಗರ ಸ್ಪಂದನ: ಹತ್ತನೇ ದಿನಕ್ಕೆ ನಿಂತುಹೋಗುವ ಪ್ರಾರ್ಥನೆ

"ಬೆಳಗಿನ ಐದಕ್ಕೆ ಎದ್ದು ಒಂದು ತಾಸು ಪ್ರಾರ್ಥಿಸಲು ಶುರುಮಾಡುತ್ತೇನೆ. ಹತ್ತು ದಿನ ನಡೆಯುತ್ತದೆ. ಆಮೇಲೆ ತೂಕಡಿಕೆ, ಮಾತೇ ಹೊರಡುವುದಿಲ್ಲ. ನನ್ನ ವಿಶ್ವಾಸವೇ ಸುಳ್ಳೇ?" ಎಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು.

ವಿಶ್ವಾಸಕ್ಕೇನೂ ಆಗಿಲ್ಲ, ಅಳತೆ ಹೆಚ್ಚಾಗಿದೆ. ಸ್ವಂತ ಮಾತಿನಲ್ಲೇ ಒಂದು ತಾಸು ಎಂದು ಹೊರಟರೆ ಐದು ನಿಮಿಷಕ್ಕೆ ಬೇಡಿಕೆ ಮುಗಿಯುತ್ತದೆ; ಉಳಿದದ್ದು ಗಾಣದೆತ್ತಿನ ಸುತ್ತು. ಮಾತು ಬಾರದಿದ್ದರೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಕಡ ತನ್ನಿ. ಅಂದಿನ ಕೀರ್ತನೆಗಳ ಸಂಖ್ಯೆ ಸಿಗಲು ತಾರೀಖಿಗೆ 30 ಕೂಡಿಸುತ್ತ ಹೋಗಿ: 12ನೇ ತಾರೀಖಾದರೆ 12, 42, 72, 102, 132. ಅಂದಿನ ಮನಸ್ಸಿಗೆ ಹತ್ತಿರವಾದ ಒಂದನ್ನು ಎರಡು ಸಲ ಬಾಯಿಬಿಟ್ಟು ಓದಿ. ಎರಡನೆಯ ಸಲ ಯಾವ ವಚನ ತಡೆದು ನಿಲ್ಲಿಸುತ್ತದೋ ಅಲ್ಲೇ ನಿಮ್ಮ ಮಾತು ಸೇರಿಸಿ. ಹತ್ತು ನಿಮಿಷ ಸಾಕು. 29ರಂದು 119ನೇ ಕೀರ್ತನೆ ಎದುರಾಗುತ್ತದೆ, 176 ವಚನ! ಅದನ್ನು 31ನೇ ತಾರೀಖಿಗೆ ಎತ್ತಿಟ್ಟು, ಎಂಟು ವಚನದ ಒಂದು ಭಾಗವನ್ನಷ್ಟೇ ಓದಿ. ಮನಸ್ಸು ಪೂರಾ ಕುಗ್ಗಿದ್ದರೆ ಲೆಕ್ಕ ಬಿಟ್ಟು 88ಕ್ಕೆ ಹೋಗಿ. ಕೊನೆಯ ಸಾಲಿನವರೆಗೂ ಕತ್ತಲೆಯೇ ಇರುವ ಕೀರ್ತನೆ ಅದು. ಅದನ್ನೂ ಪ್ರಾರ್ಥನೆಯೆಂದೇ ಬೈಬಲಿನಲ್ಲಿ ಇಟ್ಟಿದ್ದಾರೆ.
— ಓದುಗರು, ಹಾಸನ

"ಇದೊಂದು ಕೆಲಸ ಮುಗಿಸಿ ಆಮೇಲೆ" ಎನ್ನುವ ಯೋಚನೆಯೇ ಕಳ್ಳ. ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ ಪ್ರಾರ್ಥನೆಯ ಬಗ್ಗೆ ಬರೆದುಕೊಟ್ಟಾಗ ಮೊದಲಿಗೇ ಎಚ್ಚರಿಸಿದ್ದು ಈ ಕಳ್ಳನ ಬಗ್ಗೆ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯ ಮೇಲೇ ಇರುತ್ತದಲ್ಲ, ಹಾಗೆ ಮನಸ್ಸೂ ಪ್ರಾರ್ಥನೆಯ ಮೇಲೇ ಇರಲಿ ಎಂದೂ ಹೇಳಿದ. ಬೈಬಲಿನ ದಶಾಜ್ಞೆಗಳಲ್ಲಿ (ದೇವರ ಹತ್ತು ಕಟ್ಟಳೆಗಳಲ್ಲಿ) ಒಂದನ್ನು ಹಿಡಿದು ನಾಲ್ಕೆಳೆಯ ಹಾರ ಹೆಣೆಯುವುದು ಅವನ ಕ್ರಮ. "ಕದಿಯಬಾರದು" ಎಂಬುದನ್ನೇ ನೋಡಿ. ಪರರದನ್ನು ಪರರದೆಂದೇ ಕಾಣು ಎಂಬುದು ಪಾಠ. ನಮ್ಮದನ್ನು ಕಾಪಾಡಿದ್ದಕ್ಕೆ ಸ್ತೋತ್ರ. ತೂಕದಲ್ಲೋ ಕೆಲಸದಲ್ಲೋ ಮಾಡಿದ ಮೋಸದ ಅರಿಕೆ. ಕೊನೆಗೆ ಆಸೆ ತಗ್ಗಲೆಂಬ ಬೇಡಿಕೆ. ನಾಲ್ಕೂ ಒಂದೇ ದಿನ ಆಗಲೇಬೇಕೆಂದಿಲ್ಲ. ಒಂದೇ ಎಳೆಯಲ್ಲಿ ಮನಸ್ಸು ನಿಂತರೆ ಉಳಿದವನ್ನು ಬಿಡು ಎಂದವನೂ ಅವನೇ.
— ಓದುಗರು, ಧಾರವಾಡ

ಐದು ಗಂಟೆಯೇ ಆಗಬೇಕೆಂದು ಯಾರು ಹೇಳಿದರು? 55ನೇ ಕೀರ್ತನೆ ಸಂಜೆಯನ್ನೇ ಮೊದಲು ಹೇಳುತ್ತದೆ, ಬೆಳಿಗ್ಗೆ ಮತ್ತು ಮಧ್ಯಾಹ್ನ ಆಮೇಲೆ. ರಾತ್ರಿ ಪಾಳಿಯವರಿಗೆ ನಸುಕಿನ ಪ್ರಾರ್ಥನೆ ಶಿಕ್ಷೆಯೇ ಸರಿ. ಕಥೋಲಿಕರಾದರೆ ಪೂರ್ತಿ ಜಪಮಾಲೆಗೆ ಇಪ್ಪತ್ತು ನಿಮಿಷ ಸಿಗದಿದ್ದಾಗ ಒಂದೇ ರಹಸ್ಯ, ಅಂದರೆ ಜಪಮಾಲೆಯ ಒಂದು ಭಾಗ, ಹೇಳಿ: ಒಂದು ಪರಲೋಕ ಪ್ರಾರ್ಥನೆ, ಹತ್ತು ನಮೋ ಮರಿಯಾ, ಕೊನೆಗೆ ತಂದೆ, ಮಗ, ಪವಿತ್ರಾತ್ಮರನ್ನು ಕೊಂಡಾಡುವ ತ್ರಿತ್ವಸ್ತುತಿ. ನಾಲ್ಕೈದು ನಿಮಿಷದ ಕೆಲಸ, ಬಸ್ಸಿನಲ್ಲೂ ಆಗುತ್ತದೆ. ಹಾಸಿಗೆಯಲ್ಲಿ ಮಾತ್ರ ಬೇಡ, ಎರಡನೇ ಮಣಿಗೇ ಗೊರಕೆ. ತೂಕಡಿಕೆ ಬಂದರೆ ಎದ್ದು ನಡೆದಾಡುತ್ತ ಹೇಳಿ. ಯೇಸು ಸೆರೆಯಾಗುವ ಮೊದಲು ಪ್ರಾರ್ಥಿಸಿದ ಗೆತ್ಸೆಮನೆ ತೋಟದಲ್ಲಿ ಅವನ ಶಿಷ್ಯರೂ ನಿದ್ದೆಹೋದರು. ದುಃಖದಿಂದ ಎಂದು ಸುವಾರ್ತೆ ಬರೆದ ಲೂಕನು ಕಾರಣವನ್ನೂ ಕೊಟ್ಟಿದ್ದಾನೆ.
— ಓದುಗಿ, ಮಂಗಳೂರು

ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ನಾಳೆ ಎರಡು ತಾಸು ಎಂದು ದಂಡ ಹಾಕಿಕೊಂಡವರು ನಾಡಿದ್ದು ಮೊಣಕಾಲೂರುವುದೇ ಇಲ್ಲ. ಬೈಬಲ್ ಅಚ್ಚಿನದೇ ಇರಲಿ. ಫೋನಿನಲ್ಲಿ ಓದುವಾಗ ವಾಟ್ಸಾಪ್ ಸದ್ದಾದರೆ ಕೀರ್ತನೆ ಅಲ್ಲಿಗೆ ಮುಗಿಯಿತು. ಪರರಿಗಾಗಿ ಪ್ರಾರ್ಥಿಸಬೇಕಾದ ಹೆಸರುಗಳನ್ನು ಏಳು ಚೀಟಿಗಳಲ್ಲಿ ಬರೆದು ವಾರಕ್ಕೆ ಹಂಚಿ. ದಿನಕ್ಕೆ ಮೂರು ಹೆಸರು ಮೀರದಿರಲಿ.
— ಓದುಗರು, ಕೊಳ್ಳೇಗಾಲ